ಹಾಸನದಲ್ಲೇ ಇಸ್ರೋ ಇದ್ದರೂ ನಮ್ಮ ತೋಟಕ್ಕೆ ಸಿಗ್ನಲ್ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮದು ಸಕಲೇಶಪುರ ತಾಲ್ಲೂಕು, ಹೆತ್ತೂರು ಕಡೆ. ಹದಿನೈದು ಎಕರೆ ರೋಬಸ್ಟಾ, ಜೊತೆಗೆ ಮೆಣಸು. ಯಜಮಾನರು ತೀರಿಕೊಂಡ ಮೇಲೆ ತೋಟ ನಾನೇ ನೋಡ್ಕೋತಿದ್ದೀನಿ. ಮನೆ ಹಳ್ಳದ ಪಕ್ಕ, ತಗ್ಗಿನಲ್ಲಿದೆ. ಫೋನ್ ಮಾಡಬೇಕಾದ್ರೆ ಗೇಟಿನ ತನಕ ಹತ್ತಿ ಹೋಗಬೇಕು. ಆನೆ ಎಲ್ಲಿದೆ ಅಂತ ರಾತ್ರಿ ಕಳಿಸಿದ ಮೆಸೇಜು ನಮಗೆ ಬೆಳಿಗ್ಗೆ ಸಿಗುತ್ತೆ. ಅಷ್ಟೊತ್ತಿಗೆ ಅದು ಬಂದು, ಬಾಳೆ ಮುರಿದು, ಹೋಗಿಯೂ ಆಗಿರುತ್ತೆ. ಬೆಂಗಳೂರಲ್ಲಿರೋ ಮಗಳು ನೆಟ್ ಇದ್ರೆ ಇಲ್ಲಿಂದಲೇ ಕೆಲಸ ಮಾಡ್ತೀನಿ ಅಂತಾಳೆ. ಪೇಟೆಯಲ್ಲಿ ಒಬ್ಬರು ದುಬೈಯಿಂದ ಸ್ಟಾರ್‌ಲಿಂಕ್ ಡಿಶ್ (ಉಪಗ್ರಹದಿಂದ ನೇರವಾಗಿ ನೆಟ್ ಹಿಡಿಯೋದು) ತರಿಸಿಕೊಡ್ತೀನಿ, ಅಡ್ವಾನ್ಸ್ ಕೊಡಿ ಅಂತಿದ್ದಾರೆ. ನಮ್ಮ ಭಾವ ಬೇಡವೇ ಬೇಡ ಅಂತಾರೆ. ಅಮೆರಿಕದಲ್ಲಿ ಕೂತವನು ಬಟನ್ ಒತ್ತಿದ್ರೆ ಎಲ್ಲ ಬಂದ್ ಅಂತ ಅವರ ವಾದ. ನನ್ನ ತಮ್ಮ ಹೇಳೋದು ಬೇರೆ. ಹಾಸನದಲ್ಲೇ ಇಸ್ರೋದ ಅಷ್ಟು ದೊಡ್ಡ ಡಿಶ್‌ಗಳಿವೆ, ಚಂದ್ರನಿಗೆ ಹೋದವರಿಗೆ ಹೆತ್ತೂರಿಗೆ ಬರೋಕಾಗಲ್ವಾ, ಇದೆಲ್ಲ ರಾಜಕೀಯ ಅಂತಾನೆ. ತೋಟದ ಕೆಲಸದವರು ಆ ತಟ್ಟೆ ಹಾಕಿದ್ರೆ ಜೇನು ಓಡಿಹೋಗುತ್ತೆ, ಹೂವು ಕಾಯಿ ಕಟ್ಟಲ್ಲ ಅಂತಾರೆ. ಯಾರ ಮಾತು ನಿಜ? ತಗೊಳ್ಳಲೋ ಬೇಡವೋ?

ಉತ್ತರ: ಮೊದಲು ತುರ್ತಿನ ಮಾತು. ಆ ದುಬೈ ಡಿಶ್‌ಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ನಾನು ಸುಮಾರು ಮೂವತ್ತು ವರ್ಷ ಉಪಗ್ರಹ ನಿಯಂತ್ರಣದ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಮ್ಮನ ಪ್ರಶ್ನೆ ನನಗೆ ಹೊಸದಲ್ಲ. ಮದುವೆ ಮನೆ, ಕ್ಷೌರದ ಅಂಗಡಿ, ಹಾಸನದ ಬಸ್ ಸ್ಟ್ಯಾಂಡ್, ಎಲ್ಲ ಕಡೆ ಕೇಳಿಸಿಕೊಂಡಿದ್ದೇನೆ. "ನಿಮ್ಮ ಆಫೀಸ್ ಪಕ್ಕದಲ್ಲೇ ನಮ್ಮ ಮನೆ, ಆದ್ರೂ ಮಳೆ ಬಂದ್ರೆ ಟಿವಿ ಹೋಗುತ್ತಲ್ಲ, ಏನ್ ಸ್ವಾಮಿ ನಿಮ್ದು?" ಎಂದು ಒಬ್ಬ ಹಿರಿಯರು ವರ್ಷಗಟ್ಟಲೆ ನನ್ನನ್ನು ಗೋಳು ಹೊಯ್ದುಕೊಂಡಿದ್ದರು. ನಿಮ್ಮ ಮನೆಯಲ್ಲಿ ಮೂರು ಜನ ಮೂರು ಮಾತು ಹೇಳಿದ್ದಾರೆ. ಮೂರರಲ್ಲೂ ಸ್ವಲ್ಪ ಸತ್ಯ, ಸ್ವಲ್ಪ ಗಾಳಿಮಾತು ಬೆರೆತಿದೆ. ಜೇನಿನದು ಚಿಕ್ಕದು, ಅದನ್ನು ಮೊದಲು ಮುಗಿಸೋಣ.

ಜೇನಿನ ಬಗ್ಗೆ ನಿಮ್ಮ ಕೆಲಸದವರಿಗಿರುವ ಕಾಳಜಿ ಸರಿಯಾದದ್ದೇ. ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಗಿಡವಲ್ಲ. ಗಾಳಿ ಬೇಕು, ಹೆಜ್ಜೇನು ಬೇಕು, ತುಡುವೆ ಬೇಕು. ತಪ್ಪಿರುವುದು ಡಿಶ್ ಮೇಲಿನ ಅನುಮಾನ. ದೊಡ್ಡ ಸಂಪರ್ಕ ಉಪಗ್ರಹದ ಒಂದು ಚಾನೆಲ್ಲು ಹೊಮ್ಮಿಸುವುದು ನೂರಿನ್ನೂರು ವ್ಯಾಟ್ ಅಷ್ಟೆ. ಅಂದರೆ ಹಳೇ ಕಾಲದ ಒಂದೆರಡು ಬಲ್ಬಿನಷ್ಟು. ಅದು 36,000 ಕಿ.ಮೀ. ದೂರದಿಂದ ಇಡೀ ದೇಶದ ಮೇಲೆ ಹರಡಿ ಬೀಳುತ್ತದೆ. ನಿಮ್ಮ ಕೈಯಲ್ಲಿರುವ ಮೊಬೈಲ್ ಅದಕ್ಕಿಂತ ಎಷ್ಟೋ ಪಟ್ಟು ಜೋರು. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿ ತುಡುವೆ ಗೂಡುಗಳು ರಾಶಿ ರಾಶಿಯಾಗಿ ಖಾಲಿಯಾದವಲ್ಲ, ಆಗ ಮಲೆನಾಡಿನಲ್ಲಿ ಮೊಬೈಲೇ ಇರಲಿಲ್ಲ. ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸಿನ ಕೆಲಸ. ಹೂ ಮಳೆ ಬಿದ್ದು ತೋಟ ಬೆಳ್ಳಗಾದ ದಿನಗಳಲ್ಲಿ ಕೀಟನಾಶಕ ಹೊಡೆಯದಿದ್ದರೆ ಜೇನಿಗೆ ಅದೇ ದೊಡ್ಡ ಉಪಕಾರ. ಡಿಶ್‌ನ ಮುಖದ ಎದುರಿಗೇ ಗಂಟೆಗಟ್ಟಲೆ ಕೂರಬಾರದು ನಿಜ. ಆದರೆ ಅದು ಮೇಲೆ ನೋಡುತ್ತಿರುತ್ತದೆ, ಅಲ್ಲಿ ಹೋಗಿ ಕೂರುವವರು ಯಾರು?

ಈಗ ನಿಮ್ಮ ತಮ್ಮನ ಮಾತು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವುದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಲ್ಲಿ ಇನ್ಸಾಟ್ ಎಂಬ ನಮ್ಮ ಸಂಪರ್ಕ ಉಪಗ್ರಹಗಳ ಸರಣಿಗಾಗಿ ಶುರುವಾಯಿತು. ಅಲ್ಲಿನ ದೊಡ್ಡ ಡಿಶ್‌ಗಳು ಇಂಟರ್ನೆಟ್ ಹಂಚುವುದಿಲ್ಲ. ಉಪಗ್ರಹದ ನಾಡಿ ಹಿಡಿದು ನೋಡುತ್ತವೆ. ಮೇಲಿರುವ ಉಪಗ್ರಹವನ್ನು ಸೂರ್ಯ, ಚಂದ್ರ ಎರಡೂ ಎಳೆಯುತ್ತವೆ. ಅದು ನಿಧಾನವಾಗಿ ಜಾಗ ಬಿಟ್ಟು ಜಾರುತ್ತದೆ. ತನ್ನ ಜಾಗದಿಂದ ಒಂದು ಡಿಗ್ರಿಯ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಆಚೀಚೆ ಹೋಗದ ಹಾಗೆ ಆಗಾಗ ಪುಟ್ಟ ಎಂಜಿನ್ ಉರಿಸಿ ವಾಪಸ್ ತರಬೇಕು. ಅದರ ಇಂಧನ ತೀರಿದ ದಿನ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಅದರ ಆಯುಸ್ಸು ಮುಗಿದ ಹಾಗೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಪ್ರತಿ ಮಧ್ಯರಾತ್ರಿ ಉಪಗ್ರಹ ಭೂಮಿಯ ನೆರಳಿಗೆ ಸಿಗುತ್ತದೆ. ಕೆಲವು ದಿನ 72 ನಿಮಿಷದ ತನಕ. ಆಗ ಬ್ಯಾಟರಿಯೇ ಗತಿ. ಆ ಪಾಳಿಗಳಲ್ಲಿ ಕುಡಿದ ಕಾಫಿಯ ಲೆಕ್ಕ ಇಟ್ಟಿಲ್ಲ.

ನಾನು ಕೆಲಸಕ್ಕೆ ಸೇರುವ ಮೊದಲಿನ ಕಥೆ ಒಂದಿದೆ. ಮೊದಲ ಉಪಗ್ರಹ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿತು. ನಿಲುವು ಸರಿಪಡಿಸಿಕೊಳ್ಳುವ ಇಂಧನವೆಲ್ಲ ಖರ್ಚಾಗಿ, ಐದು ತಿಂಗಳು ತುಂಬುವ ಮೊದಲೇ ಕೈಬಿಟ್ಟಿತು. ಮುಂದಿನ ವರ್ಷದ ಇನ್ಸಾಟ್-1ಬಿಯ ಸೌರ ರೆಕ್ಕೆ ಬಿಚ್ಚಿಕೊಳ್ಳದೆ ಸೆಪ್ಟೆಂಬರ್ ಮಧ್ಯದವರೆಗೆ ಎಲ್ಲರನ್ನೂ ಸತಾಯಿಸಿತು. ಆಮೇಲೆ ಬಿಚ್ಚಿಕೊಂಡು ವರ್ಷಗಟ್ಟಲೆ ದುಡಿಯಿತು. ನಮ್ಮ ತಲೆಮಾರು ನೋಡಿದ ದೂರದರ್ಶನ ಹಳ್ಳಿಹಳ್ಳಿಗೆ ಹಬ್ಬಿದ್ದು ಅದರ ಮೂಲಕ.

ಅಂದರೆ ಹಾಸನ ಒಂದು ಡಿಪೋ ಇದ್ದ ಹಾಗೆ. ಡಿಪೋ ಪಕ್ಕದಲ್ಲಿ ಮನೆ ಇದೆ ಅಂತ ಬಸ್ಸು ನಮ್ಮ ಮನೆ ಮುಂದೆ ನಿಲ್ಲುವುದಿಲ್ಲ, ಅಲ್ವಾ? ಯಾವ ಊರಿಗೆ ಬಸ್ ಬಿಡಬೇಕು, ಟಿಕೆಟ್ ಎಷ್ಟು ಎನ್ನುವುದು ಬೇರೆ ಕಡೆ ತೀರ್ಮಾನವಾಗುತ್ತದೆ. ನಿಮ್ಮ ಮನೆಯಲ್ಲಿ ಡಿಟಿಎಚ್ ಇದ್ದರೆ ಉಪಗ್ರಹ ಆಗಲೇ ನಿಮ್ಮ ತೋಟಕ್ಕೆ ಬಂದಿದೆ. ಬಾರದೆ ಇರುವುದು ಇಂಟರ್ನೆಟ್.

ಅದು ಯಾಕೆ ಬರಲಿಲ್ಲ ಎನ್ನುವುದಕ್ಕೆ ರಾಜಕೀಯಕ್ಕಿಂತ ಮೊದಲು ರೇಖಾಗಣಿತ ಇದೆ.

ನಮ್ಮ ದೊಡ್ಡ ಸಂಪರ್ಕ ಉಪಗ್ರಹಗಳು ಇರುವುದು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ ಒಂದು ಸುತ್ತಿಗೆ ಒಂದು ದಿನ ಬೇಕು. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತಿರುಗುವುದರಿಂದ, ಅದು ದೇವಸ್ಥಾನದ ಮುಂದಿನ ಗರುಡಗಂಬದ ಹಾಗೆ ಇದ್ದಲ್ಲೇ ಇದ್ದ ಹಾಗೆ ಕಾಣುತ್ತದೆ. ಒಂದೇ ಉಪಗ್ರಹ ಸಾಕು, ಇಡೀ ಭಾರತಕ್ಕೆ ಕಾಣಿಸುತ್ತದೆ. ತೊಂದರೆ ದೂರದ್ದು. ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್, ಉತ್ತರ ವಾಪಸ್ ಬರಲು ಇನ್ನೊಂದು ಕಾಲು. ಟಿವಿ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಿಮ್ಮ ಮಗಳು ಮೀಟಿಂಗ್‌ನಲ್ಲಿ ಮಾತಾಡಿದರೆ ಗೊತ್ತಾಗುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಜೊತೆಗೆ ಒಂದು ಉಪಗ್ರಹದ ಸಾಮರ್ಥ್ಯವನ್ನು ಲಕ್ಷಾಂತರ ಜನ ಹಂಚಿಕೊಳ್ಳಬೇಕು.

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. ಹತ್ತಿರ ಇರುವುದರಿಂದ ತಡ ಇಲ್ಲ. ಆದರೆ ಅವು ನಿಲ್ಲುವುದಿಲ್ಲ. ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಭೂಮಿಗೆ ಒಂದು ಸುತ್ತು. ನಿಮ್ಮ ನೆತ್ತಿಯ ಮೇಲೆ ಒಂದು ಉಪಗ್ರಹ ಇರುವುದು ಕೆಲವೇ ನಿಮಿಷ. ಅದು ಹೋಗುವಷ್ಟರಲ್ಲಿ ಇನ್ನೊಂದು ಬರಬೇಕು, ಅದರ ಹಿಂದೆ ಮತ್ತೊಂದು. ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ಬರುವ ಲಾರಿಗಳ ಹಾಗೆ. ಹಾಗಾಗಿಯೇ ಅವರು ಎಂಟು ಸಾವಿರಕ್ಕೂ ಜಾಸ್ತಿ ಉಪಗ್ರಹ ಸುತ್ತಿಸುತ್ತಿದ್ದಾರೆ.

ಇಲ್ಲೇ ಇರುವುದು ಗುಟ್ಟು. ಕೆಳಗೆ ಹಾರುವ ಉಪಗ್ರಹಗಳನ್ನು ಭಾರತಕ್ಕೆ ಮಾತ್ರ ಅಂತ ಇಟ್ಟುಕೊಳ್ಳಲು ಆಗುವುದಿಲ್ಲ. ಭೂಮಿಯ ಒಟ್ಟು ಮೇಲ್ಮೈಯಲ್ಲಿ ನಮ್ಮ ದೇಶದ ಪಾಲು ನೂರಕ್ಕೆ ಒಂದೂ ಇಲ್ಲ, 0.64ರಷ್ಟು. ನೀವು ಸಾವಿರ ಉಪಗ್ರಹ ಹಾರಿಸಿದರೂ ಬಹುತೇಕ ಹೊತ್ತು ಅವು ಯಾವುದೋ ಸಮುದ್ರದ ಮೇಲೆ, ಯಾವುದೋ ದೇಶದ ಮೇಲೆ ಸುಮ್ನೆ ಓಡುತ್ತಿರುತ್ತವೆ. ಖರ್ಚು ಹುಟ್ಟಬೇಕಾದರೆ ಆ ದೇಶಗಳಲ್ಲೂ ಸೇವೆ ಮಾರಬೇಕು. ಮಾರಬೇಕಾದರೆ ಒಂದೊಂದು ಸರ್ಕಾರದ ಬಾಗಿಲನ್ನೂ ತಟ್ಟಬೇಕು. ನಿಮ್ಮ ತಮ್ಮ ಹೇಳುವ ರಾಜಕೀಯವನ್ನು ಯಾರೋ ಹೊರಗಿನಿಂದ ತಂದು ಸೇರಿಸಿದ್ದಲ್ಲ. ಕಕ್ಷೆಯ ಎತ್ತರ ಆರಿಸಿದ ದಿನವೇ ಅದು ಒಳಗೆ ಬಂದಿರುತ್ತದೆ.

ಇನ್ನೊಂದು ಅಡ್ಡಿ ರಾಕೆಟ್ಟಿನದು. 2024ರಲ್ಲಿ ಇಸ್ರೋ ಹಾರಿಸಿದ್ದು 5 ರಾಕೆಟ್. ಅದೇ ವರ್ಷ ಸ್ಪೇಸ್‌ಎಕ್ಸ್ 130 ದಾಟಿಸಿತು. ಅವರ ರಾಕೆಟ್ಟಿನ ಕೆಳಭಾಗ ವಾಪಸ್ ಬಂದು ಇಳಿಯುತ್ತದೆ, ಮತ್ತೆ ಹಾರುತ್ತದೆ. ನಮ್ಮದೇ ಸಂಪರ್ಕ ಉಪಗ್ರಹ ಜಿಸ್ಯಾಟ್-ಎನ್2, ಸುಮಾರು 4,700 ಕೆ.ಜಿ. ತೂಕದ್ದು, 2024ರ ನವೆಂಬರ್‌ನಲ್ಲಿ ಅಮೆರಿಕದಿಂದ ಅವರದೇ ಫಾಲ್ಕನ್ ರಾಕೆಟ್ ಹತ್ತಿ ಹೋಯಿತು. ಮೇಲೆ ತಲುಪಿದ ಮೇಲೆ ಅದರ ಹಗ್ಗ ಹಿಡಿದದ್ದು ಹಾಸನ. ಇದರಲ್ಲಿ ಅವಮಾನ ಹುಡುಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಾಫಿಯೂ ಬೇರೆ ದೇಶದ ಹಡಗು ಹತ್ತಿ ಇಟಲಿಗೆ ಹೋಗುತ್ತದೆ.

ಚಂದ್ರನ ದುಡ್ಡಿನ ವಿಷಯ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. 2022ರಲ್ಲಿ ಕೇಂದ್ರ ಸರ್ಕಾರ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಒಪ್ಪಿಗೆ ಕೊಟ್ಟ ಮೊತ್ತ 26,316 ಕೋಟಿ. ಭಾಗಿಸಿ ನೋಡಿ, ಹಳ್ಳಿಗೆ ಒಂದು ಕೋಟಿಗೂ ಸ್ವಲ್ಪ ಜಾಸ್ತಿ ಬೀಳುತ್ತದೆ. ಚಂದ್ರನಿಗೆ ಹೋಗದೆ ಆ ದುಡ್ಡನ್ನೆಲ್ಲ ಟವರ್‌ಗೆ ಹಾಕಿದ್ದರೆ ದೇಶದಲ್ಲಿ ಆರುನೂರು ಹಳ್ಳಿಯೂ ಆಗುತ್ತಿರಲಿಲ್ಲ. ಹೆತ್ತೂರು ಕಡೆ ಸಿಗ್ನಲ್ ಇಲ್ಲದಿರುವುದಕ್ಕೆ ಚಂದ್ರ ಕಾರಣನಲ್ಲ. ಕಾರಣ ಗುಡ್ಡ, ಕಾಡು, ಜನ ಕಡಿಮೆ ಇರುವ ಕಡೆ ಟವರ್ ಹಾಕಿದರೆ ಕಂಪನಿಗೆ ಗಿಟ್ಟದಿರುವುದು, ಮತ್ತು ಮಳೆಗಾಲದಲ್ಲಿ ದಿನಗಟ್ಟಲೆ ಹೋಗುವ ಕರೆಂಟು. ಈ ಪ್ರಶ್ನೆ ಕೇಳಬೇಕಾದ್ದು ಶಾಸಕರನ್ನು, ಸಂಸದರನ್ನು. ನಿಮ್ಮ ತಮ್ಮನ ಸಿಟ್ಟು ಸರಿ, ವಿಳಾಸ ತಪ್ಪು.

ಈಗ ಭಾವನವರ ಮಾತಿಗೆ ಬರೋಣ. ಬಟನ್ ಯಾರ ಕೈಯಲ್ಲಿದೆ? ನನಗೆ ಇದೇ ಅಸಲಿ ಪ್ರಶ್ನೆ ಅನ್ನಿಸುತ್ತದೆ.

ಸಾಲ ತಂದ ಉಪಗ್ರಹದ ಅನುಭವ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಂದು ಸೈಟ್ ಎಂಬ ಪ್ರಯೋಗ ಶುರುವಾಯಿತು. ತುರ್ತು ಪರಿಸ್ಥಿತಿ ಹೇರಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟಿವಿ. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಹತ್ತಡಿ ಡಿಶ್, ಊರಿಗೊಂದು ಟಿವಿ, ಮುಂದೆ ಇಡೀ ಊರು. ಕಾರ್ಯಕ್ರಮ ನಮ್ಮದು, ನೆಲದ ಸಾಮಾನು ನಮ್ಮದು, ಉಪಗ್ರಹ ಮಾತ್ರ ಅವರದು. ಮಾತಾದದ್ದು ಒಂದು ವರ್ಷಕ್ಕೆ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು, ಆಮೇಲೆ ಉಪಗ್ರಹವನ್ನು ಸರಿಸಿಕೊಂಡು ಹೋದರು. ಮೋಸ ಏನಿಲ್ಲ, ಒಪ್ಪಂದವೇ ಹಾಗಿತ್ತು. ನಮಗೆ ನಮ್ಮದೇ ಇನ್ಸಾಟ್ ಬೇಕು ಎಂಬ ಹಟಕ್ಕೆ ಆ ವರ್ಷವೂ ಒಂದು ಕಾರಣ. ಹಾಗೆ ನೋಡಿದರೆ ಹಾಸನದ ಡಿಶ್‌ಗಳ ಬೇರು ರಾಯಚೂರಿನ ಆ ಜಾಲರಿಗಳಲ್ಲಿದೆ.

ಇತ್ತೀಚಿನದು ಇನ್ನೂ ಖಾರವಾಗಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಅದೇ ದಿನ ಉಪಗ್ರಹ ಇಂಟರ್ನೆಟ್ ಕೊಡುವ ವಯಾಸ್ಯಾಟ್ ಎಂಬ ಕಂಪನಿಯ ಸಾವಿರಾರು ಮೋಡೆಮ್‌ಗಳು ಸೈಬರ್ ದಾಳಿಗೆ ಸತ್ತವು. ಉಪಗ್ರಹಕ್ಕೆ ಗೀರೂ ಬೀಳಲಿಲ್ಲ, ಹೋದದ್ದು ನೆಲದ ಮೇಲಿನ ಪೆಟ್ಟಿಗೆ. ಜರ್ಮನಿಯ 5,800 ಗಾಳಿಯಂತ್ರಗಳ ದೂರ ನಿಯಂತ್ರಣವೂ ಅದರ ಜೊತೆಗೆ ನಿಂತಿತು. ಉಕ್ರೇನಿನ ಮಂತ್ರಿಯೊಬ್ಬರು ಟ್ವಿಟರ್‌ನಲ್ಲಿ ಕೇಳಿಕೊಂಡ ಕೆಲವೇ ಗಂಟೆಗಳಲ್ಲಿ ಸ್ಪೇಸ್‌ಎಕ್ಸ್‌ನ ಒಡೆಯ ಎಲಾನ್ ಮಸ್ಕ್ ಸ್ಟಾರ್‌ಲಿಂಕ್ ಹಚ್ಚಿಕೊಟ್ಟರು. ಆ ದೇಶಕ್ಕೆ ಅದು ಜೀವದಾನ. ಆದರೆ ರಷ್ಯಾದ ಹಿಡಿತದಲ್ಲಿರುವ ಕ್ರಿಮಿಯಾ ಹತ್ತಿರವೂ ಸೇವೆ ಕೊಡಿ ಎಂದು ಕೇಳಿದಾಗ ಕೊಡಲಿಲ್ಲ. ಹಾಗೆಂದು 2023ರಲ್ಲಿ ಅವರೇ ಹೇಳಿಕೊಂಡರು. ಹಚ್ಚಿದ್ದನ್ನು ಆರಿಸಲಿಲ್ಲ, ಹಚ್ಚಲು ಒಪ್ಪಲಿಲ್ಲ ಎನ್ನುವುದು ಅವರ ಮಾತು. ನಿಮ್ಮ ಭಾವನವರಿಗೆ ಈ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಕತ್ತಲಲ್ಲಿ ಕೂತವನಿಗೂ ಅದು ಸಣ್ಣದೇ.

ಸ್ಟಾರ್‌ಲಿಂಕ್ ಥರದ್ದೇ ಇನ್ನೊಂದು ಕಂಪನಿ ಒನ್‌ವೆಬ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಬ್ರಿಟನ್ ಸರ್ಕಾರದ ಪಾಲಿತ್ತು, ಏರ್‌ಟೆಲ್‌ನ ಭಾರ್ತಿಯವರ ಪಾಲಿತ್ತು. 2022ರ ಮಾರ್ಚ್‌ನಲ್ಲಿ ಅವರ 36 ಉಪಗ್ರಹಗಳು ರಷ್ಯಾ ನಡೆಸುವ ಬೈಕನೂರು ಉಡಾವಣಾ ಕೇಂದ್ರದಲ್ಲಿ ಹಾರಲು ಸಿದ್ಧವಾಗಿದ್ದವು. ಬ್ರಿಟನ್ ಸರ್ಕಾರ ತನ್ನ ಪಾಲು ಬಿಡದಿದ್ದರೆ ಹಾರಿಸುವುದಿಲ್ಲ ಎಂದು ರಷ್ಯಾ ಕೂತುಬಿಟ್ಟಿತು. ಉಪಗ್ರಹಗಳು ಅಲ್ಲೇ ಸಿಕ್ಕಿಕೊಂಡವು. ಆಮೇಲೆ ಕಂಪನಿ ಬಂದದ್ದು ಶ್ರೀಹರಿಕೋಟಾಕ್ಕೆ. 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ನಮ್ಮ ಎಲ್‌ವಿಎಂ-3 ರಾಕೆಟ್ ತಲಾ 36 ಉಪಗ್ರಹ ಹೊತ್ತು ಹೋಯಿತು. ಒಬ್ಬರ ಜಗಳ ಇನ್ನೊಬ್ಬರಿಗೆ ವ್ಯಾಪಾರ.

ಹಾಗಾದರೆ ಭಾವನವರ ಮಾತು ಪೂರ್ತಿ ಸರಿಯೇ? ಅರ್ಧ ಸರಿ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿ ಕಂಪನಿ ಏನು ಹಾರಿಸಿದರೂ ಅದರ ಹೊಣೆ ಆಯಾ ದೇಶದ್ದು. ಹಾಗಾಗಿ ಸ್ಟಾರ್‌ಲಿಂಕ್ ಅಮೆರಿಕದ ಕಾನೂನಿನ ಕೈಯಲ್ಲಿದೆ. ಅಲ್ಲಿಯ ಒಳಜಗಳವೂ ಮೇಲಕ್ಕೆ ಏರುತ್ತದೆ. 2025ರ ಜೂನ್‌ನಲ್ಲಿ ಟ್ರಂಪ್ ಮತ್ತು ಮಸ್ಕ್ ಬಹಿರಂಗವಾಗಿ ಕಿತ್ತಾಡಿದಾಗ, ಬಾಹ್ಯಾಕಾಶ ನಿಲ್ದಾಣಕ್ಕೆ ಗಗನಯಾತ್ರಿಗಳನ್ನು ಒಯ್ಯುವ ಡ್ರ್ಯಾಗನ್ ನೌಕೆಯನ್ನೇ ನಿಲ್ಲಿಸುತ್ತೇನೆ ಎಂದು ಮಸ್ಕ್ ಬರೆದರು. ಕೆಲವೇ ಗಂಟೆಗಳಲ್ಲಿ ಆ ಮಾತು ವಾಪಸ್ ತೆಗೆದುಕೊಂಡರು. ಅದೇ ತಿಂಗಳು ನಮ್ಮ ಶುಭಾಂಶು ಶುಕ್ಲಾ ಹೋದದ್ದು ಅದೇ ನೌಕೆಯಲ್ಲಿ.

ಆದರೆ ಭಾವನವರು ಮರೆತ ಇನ್ನೊಂದು ಬಟನ್ ಇದೆ. ಅದು ದೆಹಲಿಯಲ್ಲಿದೆ. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಉಪಗ್ರಹ ಸೇವೆಗೆ ಹೊಸ ಭದ್ರತಾ ಷರತ್ತು ಹಾಕಿತು. ಇಲ್ಲಿಯ ಬಳಕೆದಾರರ ಸಂಚಾರ ಇಲ್ಲಿಯ ನೆಲದ ಕೇಂದ್ರ, ಅಂದರೆ ಗೇಟ್‌ವೇ ಮೂಲಕವೇ ಹೋಗಬೇಕು. ಕಾನೂನು ಪ್ರಕಾರ ಕದ್ದಾಲಿಸಲು ಅವಕಾಶ ಇರಬೇಕು. ಸರ್ಕಾರ ಹೇಳಿದ ಪ್ರದೇಶದಲ್ಲಿ ಸೇವೆ ನಿಲ್ಲಿಸಬೇಕು. ಇದನ್ನೆಲ್ಲ ಒಪ್ಪಿಕೊಂಡ ಮೇಲೆಯೇ ಸ್ಟಾರ್‌ಲಿಂಕ್‌ಗೆ ಜೂನ್‌ನಲ್ಲಿ ಪರವಾನಗಿ, ಜುಲೈನಲ್ಲಿ ಖಾಸಗಿ ಬಾಹ್ಯಾಕಾಶ ಕೆಲಸಕ್ಕೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಒಪ್ಪಿಗೆ ಸಿಕ್ಕಿದ್ದು. ಅದಕ್ಕೂ ಮೊದಲು ಫೆಬ್ರುವರಿಯಲ್ಲಿ ಪ್ರಧಾನಿ ವಾಷಿಂಗ್ಟನ್‌ನಲ್ಲಿ ಮಸ್ಕ್ ಅವರನ್ನು ಭೇಟಿಯಾದರು. ಮಾರ್ಚ್‌ನಲ್ಲಿ ಏರ್‌ಟೆಲ್, ಮಾರನೇ ದಿನ ಜಿಯೋ ಸ್ಪೇಸ್‌ಎಕ್ಸ್ ಜೊತೆ ಕೈಜೋಡಿಸಿದವು. ಉಪಗ್ರಹ ತರಂಗಾಂತರವನ್ನು ಹರಾಜು ಹಾಕಲೇಬೇಕು ಎಂದು ಜಿಯೋ ಅಲ್ಲಿಯವರೆಗೆ ಹಟ ಹಿಡಿದಿತ್ತು ಎನ್ನುವುದು ನೆನಪಿರಲಿ. ಇವುಗಳ ನಡುವೆ ದಾರ ಪೋಣಿಸುವ ಕೆಲಸ ಟಿವಿಯವರಿಗೆ ಬಿಡೋಣ. ನಿಮಗೆ ಬೇಕಾದ್ದು ಇಷ್ಟು: ಬಟನ್ ಒಂದಲ್ಲ, ಎರಡು. ಯಾರೂ ಮುಟ್ಟದೆಯೂ ಆರುವುದುಂಟು. 2025ರ ಜುಲೈ 24ರಂದು ಸಾಫ್ಟ್‌ವೇರ್ ತೊಂದರೆಯಿಂದ ಸ್ಟಾರ್‌ಲಿಂಕ್ ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ನಿಂತಿತ್ತು.

ಈಗ ನಿಮ್ಮ ತೋಟಕ್ಕೆ ಬರೋಣ.

ದುಬೈ ಡಿಶ್ ಯಾಕೆ ಬೇಡ ಅಂದೆ? ಪರವಾನಗಿ ಇಲ್ಲದ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. ಮಲೆನಾಡಿನ ಕಾಡಂಚಿನಲ್ಲಿ ಸ್ಯಾಟಲೈಟ್ ಫೋನ್ ಸದ್ದು ಸಿಕ್ಕಿತು ಎಂದು ಪೊಲೀಸರು ಹುಡುಕಾಡಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಆ ಪಟ್ಟಿಗೆ ನಿಮ್ಮ ಮನೆ ಯಾಕೆ ಸೇರಬೇಕು? ಅದೂ ಹೋಗಲಿ, ಆ ಡಿಶ್ ಕೆಲಸವನ್ನೇ ಮಾಡದಿರಬಹುದು. 2024ರ ಡಿಸೆಂಬರ್‌ನಲ್ಲಿ ಮಣಿಪುರದಲ್ಲಿ ಇಂಥ ಉಪಕರಣ ಸಿಕ್ಕಾಗ, ಭಾರತದ ಮೇಲೆ ನಮ್ಮ ಕಿರಣಗಳನ್ನು ಆರಿಸಿಯೇ ಇಟ್ಟಿದ್ದೇವೆ ಎಂದರು ಮಸ್ಕ್. ಹಾಗೆ ತಂದ ಡಿಶ್ ಮೆಣಸು ಒಣಹಾಕಲೂ ಬರುವುದಿಲ್ಲ, ಅಷ್ಟು ಚಿಕ್ಕದು. ಅಧಿಕೃತ ಸೇವೆಯಾದರೂ ಪರವಾನಗಿ ಸಿಕ್ಕ ದಿನವೇ ಶುರುವಾಗುವುದಿಲ್ಲ. ತರಂಗಾಂತರ ಹಂಚಿಕೆ, ಭದ್ರತಾ ಪರೀಕ್ಷೆ ಎಲ್ಲ ಮುಗಿಯಬೇಕು. 2021ರಲ್ಲಿ ಅನುಮತಿಗೂ ಮೊದಲೇ ಮುಂಗಡ ತೆಗೆದುಕೊಂಡ ಸ್ಟಾರ್‌ಲಿಂಕ್ ಕಂಪನಿಗೇ ಸರ್ಕಾರ ಬುಕಿಂಗ್ ನಿಲ್ಲಿಸಿ ಎಂದಿತ್ತು, ಅವರು ದುಡ್ಡು ವಾಪಸ್ ಕೊಟ್ಟರು. ಪೇಟೆಯವರು ವಾಪಸ್ ಕೊಡುತ್ತಾರಾ?

ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಕೂಡ ಬೇಡ. ಕಾಫಿ ಸೀಮೆಯಲ್ಲಿ ಇದು ಹೇರಳ, ನನಗೆ ಗೊತ್ತು. ಅದನ್ನು ಅನುಮತಿ ಇಲ್ಲದೆ ಹಾಕುವುದು ಕಾನೂನುಬಾಹಿರ. ನಿಮಗೆ ಎರಡು ಕಡ್ಡಿ ಬಂದರೆ ಪಕ್ಕದ ತೋಟದವರಿಗೆ ಇರುವುದೂ ಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಮಾತು. ಗೇಟಿನ ಹತ್ತಿರ ಸಿಗ್ನಲ್ ಇದೆ. ಹಾಗಿದ್ದರೆ ಆಕಾಶಕ್ಕೆ ಹೋಗುವ ಮೊದಲು ಗೇಟಿಗೆ ಹೋಗೋಣ. ಗೇಟಿನ ಬಳಿ ಕಂಬ ನೆಟ್ಟು, ಹೊರಗಿನ ಆಂಟೆನಾ ಇರುವ 4ಜಿ ರೂಟರ್ ಹಾಕಿ. ಅಲ್ಲಿಂದ ಮನೆಗೆ ಎದುರುಬದುರು ಎರಡು ವೈ-ಫೈ ರೇಡಿಯೋ ಇಟ್ಟು ನೆಟ್ ಇಳಿಸಬಹುದು. 5 ಗಿಗಾಹರ್ಟ್ಸ್‌ನ ಇಂಥ ರೇಡಿಯೋಗಳಿಗೆ ಲೈಸೆನ್ಸ್ ಬೇಡ. ಮಧ್ಯೆ ಮರ ಅಡ್ಡ ಬಂದರೆ ರೇಡಿಯೋ ಬದಲು ಫೈಬರ್ ಕೇಬಲ್ ಎಳೆಸಿ. ಒಂದೆರಡು ಮೂಟೆ ಕಾಫಿ ದುಡ್ಡಿನಲ್ಲಿ ಮುಗಿಯುವ ಕೆಲಸ. ಮನೆಯೊಳಗೆ ವೈ-ಫೈ ಕಾಲಿಂಗ್ ಹಾಕಿಕೊಂಡರೆ ಮಾಮೂಲಿ ಫೋನೂ ರಿಂಗಾಗುತ್ತದೆ. ಇದರ ಕೊರತೆ ಎರಡು. ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ನಿಮ್ಮದೂ ಮುಗಿಯಿತು. ಏಪ್ರಿಲ್-ಮೇ ಗುಡುಗಿಗೆ ಕಂಬದ ಮೇಲಿನ ಪೆಟ್ಟಿಗೆ ಸುಡುವ ಭಯ ಇದೆ, ಅರ್ಥಿಂಗ್ ಸರಿಯಾಗಿ ಮಾಡಿಸಿ. ಒಂದು ಸೋಲಾರ್ ಫಲಕ, ಬ್ಯಾಟರಿ ಇದ್ದರೆ ಒಳ್ಳೆಯದು. ಕಂಬವನ್ನು ಆನೆ ದಾರಿಯಲ್ಲಿ ಮಾತ್ರ ನೆಡಬೇಡಿ.

ನಿಮ್ಮ ಪಂಚಾಯಿತಿ ತನಕ ಫೈಬರ್ ಬಂದಿದ್ದು, ಅಲ್ಲಿಂದ ಎಳೆಯುವ ಬಿಎಸ್‌ಎನ್‌ಎಲ್ ಪಾಲುದಾರರು ಯಾರಾದರೂ ಇದ್ದರೆ ಮಗಳ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆಷಾಢದಲ್ಲಿ ಕೊಂಬೆ ಬಿದ್ದು ತುಂಡಾದರೆ ಜೋಡಿಸುವವರು ಎಷ್ಟು ದಿನಕ್ಕೆ ಬರುತ್ತಾರೆ ಅಂತ ಅಕ್ಕಪಕ್ಕದವರನ್ನು ಕೇಳಿ ನೋಡಿ.

ಉಪಗ್ರಹವೇ ಬೇಕೆಂದರೆ ಇವತ್ತೇ ಕಾನೂನುಬದ್ಧವಾಗಿ ಸಿಗುವುದು ವಿಸ್ಯಾಟ್, ಅಂದರೆ 36,000 ಕಿ.ಮೀ. ಮೇಲಿನ ಉಪಗ್ರಹದ ಜೊತೆ ಮಾತಾಡುವ ಚಿಕ್ಕ ಡಿಶ್. ನಮ್ಮದೇ ಜಿಸ್ಯಾಟ್-11, ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಿಂದ ಬ್ರಾಡ್‌ಬ್ಯಾಂಡ್ ಕೊಡುತ್ತಿದೆ. ತಗ್ಗಿನ ಮನೆಗೆ ಇದರಲ್ಲೊಂದು ಅನುಕೂಲ ಇದೆ. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಈ ಉಪಗ್ರಹಗಳು ನಮಗೆ 60ರಿಂದ 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ ಕಾಣುತ್ತವೆ. ಗುಡ್ಡ ಅಡ್ಡ ಬರುವುದಿಲ್ಲ, ಮರ ಮಾತ್ರ ಬರುತ್ತದೆ. ಡಿಶ್‌ನ ನೋಟದಲ್ಲಿ ಬರುವ ಸಿಲ್ವರ್ ಓಕ್ ಕೊಂಬೆಗಳನ್ನು ಮರಗಸಿ ಮಾಡಿಸುವಾಗಲೇ ಕಡಿಸಿದರೆ ಆಯಿತು. ಮೊದಲು ಹೇಳಿದ ಅರ್ಧ ಸೆಕೆಂಡಿನ ತಡ ಇರುತ್ತದೆ, ಜೋರು ಮಳೆಗೆ ಕೈಕೊಡುತ್ತದೆ, ಬಾಡಿಗೆ ಜಾಸ್ತಿ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಕಂಪನಿಯವರನ್ನು ಕರೆಸಿ ಮಾತಾಡಿದರೆ ದರ ಸ್ವಲ್ಪ ಬಗ್ಗಬಹುದು.

ಸ್ಟಾರ್‌ಲಿಂಕ್, ಒನ್‌ವೆಬ್ ಥರದ್ದು ಅಧಿಕೃತವಾಗಿ ನಿಮ್ಮ ಕಡೆ ಬಂದಾಗ ತೆಗೆದುಕೊಳ್ಳಬಹುದು, ನನ್ನ ವಿರೋಧ ಏನಿಲ್ಲ. ಆದರೆ ಅದು ಎರಡನೇ ತಂತಿಯಾಗಿರಲಿ, ಒಂದೇ ತಂತಿ ಆಗುವುದು ಬೇಡ. ಗೇಟಿನ ರೂಟರ್ ಅದರ ಜೊತೆಗೇ ಇರಲಿ. ಈ ಡಿಶ್‌ಗೆ ನೆತ್ತಿ ಮಾತ್ರ ಸಾಲದು, ಸುತ್ತಲಿನ ಆಕಾಶವೂ ಅಗಲವಾಗಿ ಕಾಣಬೇಕು. ನೆರಳಿನ ಕಾಫಿ ತೋಟದಲ್ಲಿ ಅಷ್ಟು ಆಕಾಶ ಸಿಗುವುದು ಒಂದೇ ಕಡೆ, ಕಾಫಿ ಒಣಹಾಕುವ ಕಣದಲ್ಲಿ. ಮಗಳು ಬಂದಾಗ ಕಣದ ನಡುವೆ ನಿಂತು ಸುತ್ತಲೂ ಫೋಟೋ ತೆಗೆಯಲಿ. ಎಷ್ಟು ಆಕಾಶ, ಎಷ್ಟು ಗುಡ್ಡ, ಎಷ್ಟು ಮರ ಎಂದು ಆಗಲೇ ಗೊತ್ತಾಗುತ್ತದೆ. ಮಾರುವವರು ಬಂದಾಗ ಆ ಫೋಟೋ ಅವರ ಮುಂದಿಡಿ. ಕಂಬವನ್ನು ಕಣದ ಉತ್ತರದ ಅಂಚಿಗೆ ಹಾಕಿಸಿ, ಡಿಸೆಂಬರ್ ಬಿಸಿಲಿನಲ್ಲಿ ಹರಡಿದ ಕಾಫಿ ಮೇಲೆ ನೆರಳು ಬೀಳುವುದಿಲ್ಲ.

ಆನೆಯ ವಿಷಯಕ್ಕೆ ಇದಾವುದಕ್ಕೂ ಕಾಯಬೇಡಿ. ಮಗಳ ಮೀಟಿಂಗ್‌ಗೆ ವಿಡಿಯೋ ಬೇಕು, ಆನೆಗೆ ಒಂದು ಸಾಲಿನ ಮೆಸೇಜು ಸಾಕು. ಗೇಟಿನ ರೂಟರ್ ಈ ತಿಂಗಳೇ ಹಾಕಿಸಿ, ರಾತ್ರಿ ಆನೆ ಮೆಸೇಜು ಬರುವ ಗುಂಪಿನ ಸದ್ದು ಆರಿಸದೆ ಫೋನನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಳ್ಳಿ. ಪೇಟೆಯವರಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ವಾಪಸ್ ಕೇಳಿ, ಭಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.